ಎಸ್‌ಸಿಡಿ1 ಆ್ಯಂಟಿಬಾಡಿ: ಬ್ಯಾಂಡೇ ಇಲ್ಲ. ವಯಲ್ ಕೆಟ್ಟಿದ್ಯಾ, ಲಿವರಲ್ಲೇ ಇಲ್ವಾ?

ವಿಭಾಗ: ಲ್ಯಾಬ್ ಕಟ್ಟೆ / ಪುಣೆ ಕನ್ನಡಿಗರು

ಪಾಷಾಣ_ಪಿಪೆಟ್ (ಸೋಮವಾರ ರಾತ್ರಿ)

ಪುಣೆಯಲ್ಲಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನ ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಬೇಕಾದ್ದನ್ನ ಆ್ಯಂಟಿಬಾಡಿಯಿಂದ ಗುರುತಿಸೋ ಪರೀಕ್ಷೆ) ಮಾಡೋ ಕನ್ನಡಿಗರು ಇಲ್ಲಿ ಸುಮಾರು ಜನ ಇದ್ದೀರಿ ಅಂತ ಗೊತ್ತು. ಲ್ಯಾಬಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಕೇಳಿ ಆಯ್ತು, ಈಗ ನಿಮ್ಮ ಸರದಿ.

ಕೆಲಸ ಇನ್ಸುಲಿನ್ ರೆಸಿಸ್ಟೆನ್ಸ್ ಮೇಲೆ, ಅಂದ್ರೆ ಇನ್ಸುಲಿನ್ ಇದ್ರೂ ದೇಹ ಅದರ ಮಾತು ಸರಿಯಾಗಿ ಕೇಳದಿರೋದು. ಸಿ57 ತಳಿಯ ಇಲಿಗಳು, ಒಂದು ಗುಂಪಿಗೆ ಮಾಮೂಲಿ ಆಹಾರ, ಇನ್ನೊಂದಕ್ಕೆ ಕೊಬ್ಬಿನ ಆಹಾರ. ಲಿವರಲ್ಲಿ ಎಸ್‌ಸಿಡಿ1, ಅಂದ್ರೆ ಸ್ಟಿಯರಾಯ್ಲ್-ಕೋಎ ಡಿಸ್ಯಾಚುರೇಸ್ ಅನ್ನೋ ಕೊಬ್ಬಿನ ಕಿಣ್ವ ಎಷ್ಟಿದೆ ನೋಡ್ಬೇಕು. ಮೊಲದ ಪಾಲಿಕ್ಲೋನಲ್ ಆ್ಯಂಟಿಬಾಡಿ (ಮೊಲದ ರಕ್ತದಿಂದ ತೆಗೆದ ಹಲವು ಆ್ಯಂಟಿಬಾಡಿಗಳ ಮಿಶ್ರಣ), ಹೊಸ ಲಾಟ್. ರೀಪಾ ಬಫರಲ್ಲಿ ಲೈಸೇಟ್ (ಲಿವರ್ ಅರೆದ ರಸ), ಲೇಮ್ಲಿ (ಎಸ್‌ಡಿಎಸ್ ಅನ್ನೋ ಡಿಟರ್ಜೆಂಟ್ ಇರೋ ಬಫರ್) ಹಾಕಿ 95 ಡಿಗ್ರಿಯಲ್ಲಿ 5 ನಿಮಿಷ ಕುದಿಸಿ, 10% ಜೆಲ್, ಪಿವಿಡಿಎಫ್ ಮೆಂಬ್ರೇನ್, 5% ಹಾಲಿನ ಪುಡಿಯಲ್ಲಿ ಬ್ಲಾಕ್, ಪ್ರೈಮರಿ 1:1000, ರಾತ್ರಿಯಿಡೀ 4 ಡಿಗ್ರಿ. ಗ್ಲೂಕೋಸ್ ಟಾಲರೆನ್ಸ್ ಟೆಸ್ಟ್ ಆದ ಮುಂದಿನ ವಾರ ಇಲಿಗಳನ್ನ ರಾತ್ರಿ ಉಪವಾಸ ಇಟ್ಟು ಬೆಳಿಗ್ಗೆ ಸ್ಯಾಕ್ರಿಫೈಸ್ ಮಾಡಿದ್ದು, ಲಿವರ್ ತಕ್ಷಣ ಲಿಕ್ವಿಡ್ ನೈಟ್ರೋಜನ್‌ಗೆ.

37 ಕಿಲೋಡಾಲ್ಟನ್ ಹತ್ತಿರ ಬ್ಯಾಂಡ್ ಬರ್ಬೇಕು. ಎರಡೂ ಗುಂಪಲ್ಲಿ ಏನೂ ಇಲ್ಲ. ಬಾವಿಯ ಬಾಯಲ್ಲಿ, ಜೆಲ್‌ನ ತುದಿಗೆ ಮಾತ್ರ ಒಂದು ಕಪ್ಪು ಗೀಚು. ಅದೇ ಮೆಂಬ್ರೇನ್ ಸ್ಟ್ರಿಪ್ ಮಾಡಿ (ಹಳೇ ಆ್ಯಂಟಿಬಾಡಿ ತೊಳೆದು), ಎಲ್ಲ ಲೇನಲ್ಲೂ ಪ್ರೋಟೀನ್ ಸಮ ಇದ್ಯಾ ಅಂತ ತೋರಿಸೋ ಜಿಎಪಿಡಿಎಚ್ ಹಾಕಿದ್ರೆ ಅಚ್ಚುಕಟ್ಟಾಗಿ ಬರತ್ತೆ. ಆ್ಯಂಟಿಬಾಡಿ ಡೆಡ್ ಆಗಿದೆ, ಕಂಪ್ಲೇಂಟ್ ಹಾಕಿ ಬದಲಿ ತರಿಸು ಅಂತಾರೆ ಗೈಡ್. ನೂರು ಮೈಕ್ರೋಲೀಟರಿಗೆ ಹತ್ತಾರು ಸಾವಿರ ರೂಪಾಯಿ, ಬರೋಕೆ ವಾರಗಟ್ಟಲೆ. ಕಂಪ್ಲೇಂಟ್ ಹಾಕೋ ಮುಂಚೆ ಬೇರೆ ಏನಾದ್ರೂ ನೋಡ್ಬೇಕಾ?

ಜೆಲ್_ರಾಜ

ಏನೂ ನೋಡೋದು ಬೇಡ. ಪಾಲಿಕ್ಲೋನಲ್ ತಾನೆ? ಹಳೇ ಮೊಲ ಸತ್ತಿರತ್ತೆ, ಹೊಸ ಮೊಲದ ರಕ್ತ ಬೇರೆ ಇರತ್ತೆ, ಹೆಸರು ಮಾತ್ರ ಅದೇ. ಲಾಟ್ ಬದಲಾದ್ರೆ ಸಾಮಾನೇ ಬದಲಾದ ಹಾಗೆ. ರಿಕಾಂಬಿನೆಂಟ್ ಮಾನೋಕ್ಲೋನಲ್ (ಜೀನಿಂದ ತಯಾರಿಸೋ, ಲಾಟಿಂದ ಲಾಟಿಗೆ ಒಂದೇ ಥರ ಇರೋ ಆ್ಯಂಟಿಬಾಡಿ) ತಗೋ, ನೆಮ್ಮದಿಯಾಗಿರು.

ಹಡಪ್ಸರ್_ಕ್ಯೂಸಿ

ರಾಜ ಹೇಳಿದ್ರಲ್ಲಿ ಅರ್ಧ ನಿಜ ಇದೆ. 2023ರಲ್ಲಿ ವೈಕ್ಯಾರೋಸ್ ತಂಡ 65 ಪ್ರೋಟೀನ್‌ಗಳಿಗೆ ಮಾರುಕಟ್ಟೆಯಲ್ಲಿದ್ದ 614 ಆ್ಯಂಟಿಬಾಡಿಗಳನ್ನ ಸಾಲಾಗಿ ಪರೀಕ್ಷೆ ಮಾಡಿತ್ತು. ಆ ಪ್ರೋಟೀನ್ ಇರೋ ಜೀವಕೋಶ ಒಂದು ಕಡೆ, ಜೀನ್ ಕಿತ್ತುಹಾಕಿದ ನಾಕೌಟ್ ಜೀವಕೋಶ ಇನ್ನೊಂದು ಕಡೆ. ಅರ್ಧಕ್ಕಿಂತ ಹೆಚ್ಚು ಆ್ಯಂಟಿಬಾಡಿಗಳು ಒಂದಲ್ಲ ಒಂದು ಪ್ರಯೋಗದಲ್ಲಿ ಫೇಲ್. ಒಟ್ಟಾರೆ ನೋಡಿದ್ರೆ ರಿಕಾಂಬಿನೆಂಟ್‌ಗಳೇ ಮೇಲು. ಹಾಗಂತ "ರಿಕಾಂಬಿನೆಂಟ್" ಅಂತ ಲೇಬಲ್ ಇದ್ದ ಮಾತ್ರಕ್ಕೆ ನಂಬೋ ಹಾಗಿಲ್ಲ.

ನಾನು ಮೊದಲು ಕೇಳೋ ಪ್ರಶ್ನೆ: ನಿಮ್ಮ ಪಾಸಿಟಿವ್ ಕಂಟ್ರೋಲ್ ಎಲ್ಲಿ? ಎಸ್‌ಸಿಡಿ1 ಇದೆ ಅಂತ ಖಾತ್ರಿ ಇರೋ ಒಂದು ಲೇನ್, ಇಲ್ಲ ಅಂತ ಖಾತ್ರಿ ಇರೋ ಒಂದು ಲೇನ್. ಎರಡೂ ಇಲ್ಲದ ಬ್ಲಾಟ್ ಇಟ್ಕೊಂಡು ಕಂಪ್ಲೇಂಟ್ ಹಾಕಿದ್ರೆ ಅವರು ಮೊದಲನೇ ಮೇಲಲ್ಲೇ ಇದನ್ನ ಕೇಳ್ತಾರೆ.

ಪಾಷಾಣ_ಪಿಪೆಟ್

ಹೆಪ್‌ಜಿ2 (ಲ್ಯಾಬಲ್ಲಿ ಬೆಳೆಸೋ ಮನುಷ್ಯನ ಲಿವರ್ ಜೀವಕೋಶ) ಲೈಸೇಟ್ ಇದೆ, ಹಾಕಿಲ್ಲ. ಇಲ್ಲ ಅಂತ ಖಾತ್ರಿ ಇರೋದು ಎಲ್ಲಿಂದ ತರ್ಲಿ ಸರ್? ನಾಕೌಟ್ ಇಲಿ ನಮ್ಮಲ್ಲಿಲ್ಲ.

ಔಂಧ್_ಅಕ್ಕ (ಮಂಗಳವಾರ ಬೆಳಿಗ್ಗೆ)

ಪುಟ್ಟಾ, ನಿನ್ನ ಫ್ರೀಜರಲ್ಲಿರೋದೇ ಹೆಚ್ಚುಕಮ್ಮಿ "ಇಲ್ಲ"ದ ಲಿವರ್. ರಾತ್ರಿ ಉಪವಾಸ ಇಟ್ಟಿದ್ದೆ ಅಂತ ನೀನೇ ಬರೆದಿದ್ದೀಯ, ಎಲ್ಲರೂ ಆ ಸಾಲು ದಾಟಿ ಆ್ಯಂಟಿಬಾಡಿ ಮೇಲೆ ಬಿದ್ದಿದ್ದಾರೆ.

ಎಸ್‌ಸಿಡಿ1 ಸುಮ್ಮನೆ ಕೂತಿರೋ ಕಿಣ್ವ ಅಲ್ಲ. ಊಟ ಆಯ್ತು, ಅದ್ರಲ್ಲೂ ಸಕ್ಕರೆ-ಪಿಷ್ಟ ಜಾಸ್ತಿ ಬಂತು ಅಂದ್ರೆ, ಇನ್ಸುಲಿನ್ ಏರಿ ಎಸ್‌ಆರ್‌ಇಬಿಪಿ-1ಸಿ ಎದ್ದೇಳತ್ತೆ, ಗ್ಲೂಕೋಸ್ ಕಡೆಯಿಂದ ಸಿಎಚ್‌ಆರ್‌ಇಬಿಪಿ. ಈ ಎರಡೂ ಜೀನ್ ಸ್ವಿಚ್‌ಗಳು ಸೇರಿ ಎಸ್‌ಸಿಡಿ1 ಜೀನನ್ನ ಓಡಿಸ್ತವೆ. ಉಪವಾಸದಲ್ಲಿ ಎರಡೂ ಮಲಗ್ತವೆ. ಎಂಆರ್‌ಎನ್‌ಎ ಬೀಳತ್ತೆ. ಪ್ರೋಟೀನಿನ ಆಯುಷ್ಯವೂ ಕೆಲವೇ ಗಂಟೆ, ಪ್ರೋಟಿಯಾಸೋಮ್ ಬೇಗ ಬೇಗ ಕಡಿದು ಹಾಕತ್ತೆ. ಇಲಿ ತಿನ್ನೋದೇ ರಾತ್ರಿ. ನಾವು ರಾತ್ರಿ ಊಟ ಬಿಟ್ಟು ಮಲಗೋದಕ್ಕೂ ಇಲಿಯನ್ನ ರಾತ್ರಿಯಿಡೀ ಉಪವಾಸ ಕೆಡವೋದಕ್ಕೂ ಹೋಲಿಕೆಯೇ ಇಲ್ಲ, ಅದಕ್ಕೆ ಅದು ಘೋರ ಉಪವಾಸ. ಬೆಳಿಗ್ಗೆ ಹೊತ್ತಿಗೆ ಅದರ ಲಿವರಲ್ಲಿ ಎಸ್‌ಸಿಡಿ1 ತಳ ಕಂಡಿರತ್ತೆ. ಉಪವಾಸ ಇಟ್ಟು ಆಮೇಲೆ ಸಕ್ಕರೆ ಜಾಸ್ತಿ ಇರೋ ಆಹಾರ ಕೊಟ್ಟ ಇಲಿಯಲ್ಲಿ ಅದೇ ಬ್ಯಾಂಡ್ ಕಣ್ಣು ಕುಕ್ಕೋ ಹಾಗೆ ಬರತ್ತೆ.

ಎರಡನೇದು ಆ ತುದಿಯ ಗೀಚು. ಎಸ್‌ಸಿಡಿ1 ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಯನ್ನ ನಾಲ್ಕು ಸಲ ಹೊಕ್ಕು ಹೊರಬರೋ ಪ್ರೋಟೀನ್. 2015ರಲ್ಲಿ ಸ್ಫಟಿಕ ರಚನೆ ಸಿಕ್ಕಾಗ ಅದು ಕಣ್ಣಿಗೇ ಕಂಡಿತ್ತು. ಇಂಥ ಪ್ರೋಟೀನನ್ನ 95 ಡಿಗ್ರಿಗೆ ಹಾಕಿದ್ರೆ ಬೆಂದ ಮೊಟ್ಟೆಯ ಹಾಗೆ ಒಂದಕ್ಕೊಂದು ಅಂಟಿ, ಜೆಲ್ ಒಳಗೇ ಇಳಿಯಲ್ಲ. ಕುದಿಸಬೇಡ. 70 ಡಿಗ್ರಿ 10 ನಿಮಿಷ, ಅಥವಾ 37 ಡಿಗ್ರಿ ಅರ್ಧ ಗಂಟೆ, ಎಸ್‌ಡಿಎಸ್ ಹಾಕಿದ ಮೇಲೆ. ಎರಡೂ ಪಕ್ಕಪಕ್ಕ ಓಡಿಸಿ ನೋಡು.

ಇನ್ನು ಜಿಎಪಿಡಿಎಚ್. ಅದು ಓಡೋದೂ 36–37ರಲ್ಲೇ! ಎಸ್‌ಸಿಡಿ1 ಲೆಕ್ಕಕ್ಕೆ ಮನುಷ್ಯನಲ್ಲಿ 359 ಅಮೈನೋ ಆಮ್ಲ, 41.5 ಕಿಲೋಡಾಲ್ಟನ್, ಜೆಲ್‌ನಲ್ಲಿ 37ರ ಸುತ್ತ. ನಾಳೆ ಸ್ಟ್ರಿಪ್ ಸರಿಯಾಗಿ ಆಗ್ದೆ ಉಳಿದ ಜಿಎಪಿಡಿಎಚ್ ಸಿಗ್ನಲ್ಲನ್ನೇ ಎಸ್‌ಸಿಡಿ1 ಅಂತ ಪೇಪರಲ್ಲಿ ಹಾಕ್ಬಿಡ್ತೀಯ. ಅದೂ ಅಲ್ದೆ ಜಿಎಪಿಡಿಎಚ್ ಗ್ಲೈಕಾಲಿಸಿಸ್‌ನ ಕಿಣ್ವ. ಆಹಾರ ಬದಲಿಸೋ ಪ್ರಯೋಗದಲ್ಲಿ ಅದನ್ನೇ ಅಳತೆಗೋಲು ಮಾಡ್ಕೊಳ್ಳೋದು ನನಗಂತೂ ಸರಿ ಕಾಣಲ್ಲ. ಪಾನ್ಸೋ ಬಣ್ಣ ಹಾಕಿ ಒಟ್ಟು ಪ್ರೋಟೀನ್ ನೋಡು, ಇಲ್ಲ ವಿಂಕ್ಯುಲಿನ್ ಅನ್ನೋ ಬೇರೆ ಪ್ರೋಟೀನ್ ಹಾಕು.

ಜೆಲ್_ರಾಜ

ಅಕ್ಕಾ, ಉಪವಾಸದ ಕಥೆ ಒಪ್ಪಿದೆ. ಆದ್ರೆ ಕೊಬ್ಬಿನ ಆಹಾರ ತಿಂದ ಗುಂಪಲ್ಲಾದ್ರೂ ಸ್ವಲ್ಪ ಕಾಣ್ಬೇಕಿತ್ತಲ್ವಾ? ಇನ್ಸುಲಿನ್ ರೆಸಿಸ್ಟೆನ್ಸ್ ಇದ್ರೆ ಎಸ್‌ಸಿಡಿ1 ಜಾಸ್ತಿ ಅಂತಾರಲ್ಲ.

ಔಂಧ್_ಅಕ್ಕ

ಜಾಸ್ತಿ ಅನ್ನೋದು ಯಾವ ಹೊತ್ತಲ್ಲಿ, ಏನು ತಿಂದಾಗ? ಲಿವರಲ್ಲಿ ಮಾತ್ರ ಎಸ್‌ಸಿಡಿ1 ತೆಗೆದ ಇಲಿಗಳ ಮೇಲೆ 2007ರಲ್ಲಿ ವಿಸ್ಕಾನ್ಸಿನ್‌ನ ಎನ್‌ಟಾಂಬಿ ಗುಂಪು ಕೆಲಸ ಮಾಡಿತ್ತು. ಸಕ್ಕರೆಯ ಆಹಾರದಿಂದ ಬರೋ ಬೊಜ್ಜು ಆ ಇಲಿಗಳಿಗೆ ಬರಲಿಲ್ಲ, ಕೊಬ್ಬಿನ ಆಹಾರದಿಂದ ಬರೋದು ಮಾತ್ರ ಬಂತು. ಲಿವರಿನ ಎಸ್‌ಸಿಡಿ1 ಮುಖ್ಯವಾಗಿ ಸಕ್ಕರೆಯನ್ನ ಕೊಬ್ಬು ಮಾಡೋ ದಾರಿಯ ಆಳು ಅಂತ ಅರ್ಥ. ಇನ್ನು ಆಹಾರದಲ್ಲಿ ಲಿನೋಲಿಕ್‌ನಂಥ ಪಾಲಿಅನ್‌ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ಇದ್ರೆ ಲಿವರಲ್ಲಿ ಎಸ್‌ಸಿಡಿ1 ಇನ್ನೂ ತಗ್ಗತ್ತೆ. "ಹೈ ಫ್ಯಾಟ್" ಅಂತ ಚೀಲದ ಮೇಲೆ ಬರೆದಿದ್ರೆ ಸಾಲದು, ಯಾವ ಕೊಬ್ಬು ಅಂತ ನೋಡ್ಬೇಕು.

ಕೋಥ್ರೂಡ್_ಕಾಕಾ

ನಮಸ್ಕಾರ್ರೀ. ನಾ ಧಾರವಾಡದಾಂವ, ಮಗನ ಮನ್ಯಾಗ ಪುಣೆದಾಗ ಇರ್ತೀನಿ, ಬ್ಯಾಂಕಿನ್ಯಾಗ ಇದ್ದೆ, ಈಗ ರಿಟೈರ್. ಸಕ್ಕರಿ ಬ್ಯಾನಿ ಐತಿ. "ಇನ್ಸುಲಿನ್" ಅಂತ ಹುಡುಕಿದ್ರ ನಿಮ್ಮ ಮಾತು ಸಿಕ್ತು. ಅರ್ಧಾ ತಿಳೀತು, ಅರ್ಧಾ ತಲಿ ಮ್ಯಾಲಿಂದ ಹೋತು. ಈ ಎಸ್‌ಸಿಡಿ ಅನ್ನೋದು ಒಳ್ಳೇದೋ ಕೆಟ್ಟದ್ದೋ? ಮತ್ತ ಈ ಆ್ಯಂಟಿಬಾಡಿ ಟೆಸ್ಟ್ ನಮ್ಮಂಥವರಿಗೆ ಕರ್ವೆ ರೋಡಿನ ಲ್ಯಾಬಿನ್ಯಾಗ ಮಾಡ್ತಾರೇನ್ರಿ? ನಮ್ಮ ಮನ್ಯಾಗ ಮೊದಲಿಂದ ಕುಸುಬಿ ಎಣ್ಣಿ. ಅದರಾಗಿನ ಲಿನೋಲಿಕ್ ಕೊಬ್ಬಿನ ಮಾತೂ ಬಂತಲ್ಲ ಅಂತ ಕೇಳಿದೆ.

ಪಾಷಾಣ_ಪಿಪೆಟ್

ಕಾಕಾ, ಟೆಸ್ಟ್ ಇಲ್ಲ. ಈ ಬಾಟಲಿ ಮೇಲೆ "ಸಂಶೋಧನೆಗೆ ಮಾತ್ರ" ಅಂತಲೇ ಬರೆದಿರತ್ತೆ. ಎಸ್‌ಸಿಡಿ1 ಜೀವಕೋಶದ ಒಳಗಿನ ಪೊರೆಗೆ ಅಂಟಿಕೊಂಡಿರೋದು. ನೋಡ್ಬೇಕಂದ್ರೆ ಲಿವರ್ ಇಲ್ಲಾ ಕೊಬ್ಬಿನ ಚೂರೇ ಬೇಕು. ಇಲಿ ಪಾಪ ಕೊಡತ್ತೆ, ನೀವು ಕೊಡಬೇಡಿ.

ಒಳ್ಳೇದೋ ಕೆಟ್ಟದ್ದೋ ಅಂದ್ರೆ, ಅದು ಮಾಡೋದು ಒಂದೇ ಕೆಲಸ: ಸ್ಟಿಯರಿಕ್ ಆಮ್ಲದ ಸರಪಳಿಯಲ್ಲಿ ಒಂಬತ್ತನೇ ಇಂಗಾಲದ ಹತ್ತಿರ ಎರಡು ಹೈಡ್ರೋಜನ್ ಕಿತ್ತು ಜೋಡಿ ಬಂಧ ಹಾಕತ್ತೆ, ಒಲಿಯಿಕ್ ಆಮ್ಲ ಆಗತ್ತೆ. ಪಾಮಿಟಿಕ್‌ನಿಂದ ಪಾಮಿಟೊಲಿಯಿಕ್. ಕಬ್ಬಿಣ, ಆಮ್ಲಜನಕ, ಸೈಟೊಕ್ರೋಮ್ ಬಿ5 ಎಲ್ಲ ಬೇಕು ಅದಕ್ಕೆ. ಹೀಗೆ ತಯಾರಾದ ಒಲಿಯಿಕ್ ಆಮ್ಲ ಟ್ರೈಗ್ಲಿಸರೈಡ್ ಆಗಿ ಲಿವರಲ್ಲಿ ಸಲೀಸಾಗಿ ಶೇಖರ ಆಗತ್ತೆ.

ಸ್ಟೆತೋ_ಡೆಕ್ಕನ್

ಕಾಕಾ ಕೇಳಿದ್ದಕ್ಕೆ ವೈದ್ಯನಾಗಿ ಸ್ವಲ್ಪ ಸೇರಿಸ್ತೀನಿ. 2002ರಲ್ಲಿ ಎರಡು ಪ್ರಬಂಧ ಬಂದ್ವು. ಎಸ್‌ಸಿಡಿ1 ಇಲ್ಲದ ಇಲಿ ತೆಳ್ಳಗಿರತ್ತೆ, ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸತ್ತೆ ಅಂತ ಎನ್‌ಟಾಂಬಿ ತಂಡ ತೋರಿಸಿತು. ಹಸಿವು ತಗ್ಗಿಸೋ ಲೆಪ್ಟಿನ್ ಹಾರ್ಮೋನ್ ಇಲ್ಲದ ಡುಮ್ಮ ಇಲಿಯಲ್ಲೂ ಈ ಕಿಣ್ವ ತೆಗೆದ್ರೆ ತೂಕ, ಲಿವರ್ ಕೊಬ್ಬು ಎರಡೂ ಇಳಿಯತ್ತೆ ಅಂತ ಜೆಫ್ರಿ ಫ್ರೀಡ್‌ಮನ್ ಅವರ ತಂಡ ತೋರಿಸಿತು. ಹಾಗಾದ್ರೆ ಇದನ್ನ ತಡೆಯೋ ಮಾತ್ರೆ ಕೊಟ್ಬಿಡಿ ಅನ್ನೋಕಾಗಲ್ಲ. ಅದೇ ಇಲಿಗಳಿಗೆ ಚರ್ಮದ ಎಣ್ಣೆಗ್ರಂಥಿ ಸೊರಗಿ ಚರ್ಮ ಒಣಗತ್ತೆ, ಕಣ್ಣೂ ಒಣಗತ್ತೆ. ಆಸೀಬಿಯಾ ಅಂತ ಹಳೇ ತಳಿಯೊಂದಿದೆ, ಅದರ ಹೊಟ್ಟು ಚರ್ಮಕ್ಕೂ ಎಸ್‌ಸಿಡಿ1 ಜೀನಿನ ದೋಷವೇ ಕಾರಣ ಅಂತ 1999ರಲ್ಲೇ ಗೊತ್ತಾಗಿತ್ತು.

ಕುಸುಬಿ ಎಣ್ಣೆಗೆ ಬರೋಣ. ಹಳೇ ತಳಿಯ ಕುಸುಬಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಲಿನೋಲಿಕ್ ಆಮ್ಲ ಇರತ್ತೆ, ಮತ್ತೆ ಲಿನೋಲಿಕ್ ಇಲಿಯ ಲಿವರಲ್ಲಿ ಎಸ್‌ಸಿಡಿ1 ತಗ್ಗಿಸತ್ತೆ ಅನ್ನೋದೂ ನಿಜ. ಎರಡನ್ನೂ ಸೇರಿಸಿ "ಕುಸುಬಿ ಎಣ್ಣೆ ಸಕ್ಕರೆ ಕಾಯಿಲೆಗೆ ಮದ್ದು" ಅಂತ ವಾಟ್ಸಾಪಲ್ಲಿ ಹಾಕಿದ್ರೆ ನಾನೇ ಬಂದು ಜಗಳ ಆಡ್ತೀನಿ.

ನಿಮಗೆ ಇನ್ಸುಲಿನ್ ರೆಸಿಸ್ಟೆನ್ಸ್ ಎಷ್ಟಿದೆ ಅಂತ ಅಂದಾಜು ಬೇಕಿದ್ರೆ ಖಾಲಿ ಹೊಟ್ಟೆಯ ಗ್ಲೂಕೋಸ್ ಮತ್ತು ಇನ್ಸುಲಿನ್ ಸಾಕು. ಗ್ಲೂಕೋಸ್ ಮಿಲಿಗ್ರಾಂ ಲೆಕ್ಕದಲ್ಲಿ, ಇನ್ಸುಲಿನ್ ಮೈಕ್ರೋಯೂನಿಟ್ ಲೆಕ್ಕದಲ್ಲಿ, ಎರಡನ್ನೂ ಗುಣಿಸಿ 405ರಿಂದ ಭಾಗಿಸಿದ್ರೆ ಹೋಮಾ-ಐಆರ್ ಬರತ್ತೆ. ಇನ್ಸುಲಿನ್ ಚುಚ್ಚಿಸ್ಕೊಳ್ತಿದ್ರೆ ಈ ಲೆಕ್ಕ ನಡೆಯಲ್ಲ. ತಮಾಷೆ ಏನಂದ್ರೆ ಅಲ್ಲೂ ಕೆಲಸ ಮಾಡೋದು ಆ್ಯಂಟಿಬಾಡಿಯೇ. ರಕ್ತದ ಇನ್ಸುಲಿನ್ನನ್ನ ಆ್ಯಂಟಿಬಾಡಿಯಿಂದ ಅಳೆಯೋ ರೇಡಿಯೋಇಮ್ಯುನೋಅಸ್ಸೇ ಕಟ್ಟಿದವರು ಬರ್ಸನ್ ಮತ್ತು ಯಾಲೋ. ಬರ್ಸನ್ ತೀರಿಕೊಂಡಿದ್ರು, 1977ರ ನೊಬೆಲ್ ಯಾಲೋ ಅವರಿಗೆ ಬಂತು.

ಕೋಥ್ರೂಡ್_ಕಾಕಾ

ಜಗಳ ಬ್ಯಾಡ್ರಿ ಡಾಕ್ಟರ್. ಆದ್ರ ನಾ ತೆಳ್ಳಗ ಅದೀನಿ, ಮಂದಿ ನಂಬೂದಿಲ್ಲ ನನಗ ಸಕ್ಕರಿ ಐತಿ ಅಂದ್ರ. ಬೊಜ್ಜು ಇದ್ದವರಿಗೆ ಅಲ್ಲೇನು ಈ ರೆಸಿಸ್ಟೆನ್ಸ್?

ಸ್ಟೆತೋ_ಡೆಕ್ಕನ್

ಇದಕ್ಕೆ ಉತ್ತರ ಪುಣೆಯಲ್ಲೇ ಇದೆ ಕಾಕಾ. ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಹಾಕಿದ್ರು. ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ತಕ್ಕಡಿ ಮೇಲೆ ಒಂದೇ ಥರ, ಒಳಗೆ ಬೇರೆ. ನಮ್ಮ ಜನರಲ್ಲಿ ಮಕ್ಕಳು ಹುಟ್ಟುವಾಗಲೇ ಸಣ್ಣಗಿದ್ರೂ ಕೊಬ್ಬಿನ ಪಾಲು ಹೆಚ್ಚು ಅಂತ ಸುತ್ತಲಿನ ಹಳ್ಳಿಗಳ ಗರ್ಭಿಣಿಯರ ಅಧ್ಯಯನದಲ್ಲಿ ಅವರ ತಂಡವೇ ತೋರಿಸಿದೆ. ನಿಮ್ಮನ್ನ ನಂಬದವರಿಗೆ ಈ ಫೋಟೋ ತೋರಿಸಿ.

ಹಡಪ್ಸರ್_ಕ್ಯೂಸಿ

ದಾರ ಮೂಲಕ್ಕೆ ಎಳೀತೀನಿ. ಅಕ್ಕನ ಉಪವಾಸದ ವಾದ ಚೆನ್ನಾಗಿದೆ, ಆದ್ರೆ ಅದು ಇನ್ನೂ ವಾದ ಮಾತ್ರ. "ಬ್ಯಾಂಡ್ ಇಲ್ಲ, ಯಾಕಂದ್ರೆ ಇಲಿ ಉಪವಾಸ ಇತ್ತು" ಅಂತ ಹೇಳಿಬಿಟ್ರೆ ಯಾವ ಸತ್ತ ಆ್ಯಂಟಿಬಾಡಿಯನ್ನೂ ಬದುಕಿಸಿಬಿಡಬಹುದು. ಬೇರ್ಪಡಿಸೋದು ಹೇಗೆ?

ಔಂಧ್_ಅಕ್ಕ

ಸರಿಯಾಗಿ ಕೇಳಿದ್ರಿ. ಅದೇ ಲೈಸೇಟಲ್ಲಿ ಫ್ಯಾಟಿ ಆ್ಯಸಿಡ್ ಸಿಂಥೇಸ್ ನೋಡಲಿ. ಅದನ್ನೂ ಏರಿಸಿ ಇಳಿಸೋದು ಅದೇ ಎಸ್‌ಆರ್‌ಇಬಿಪಿ-1ಸಿ, ಆದ್ರೆ ಅದು ಪೊರೆಯಲ್ಲಿರೋದಲ್ಲ, ಕರಗೋ ಪ್ರೋಟೀನ್, ಕುದಿಸಿದ್ರೆ ಇಷ್ಟು ಕಾಟ ಕೊಡಲ್ಲ. ಅದೂ ನೆಲ ಕಚ್ಚಿದ್ರೆ ಉಪವಾಸದ ಕೆಲಸ. ಅದು ದಂಡಿಯಾಗಿದ್ದು ಎಸ್‌ಸಿಡಿ1 ಮಾತ್ರ ನಾಪತ್ತೆ ಅಂದ್ರೆ ಕುದಿಸಿದ್ದೋ ಆ್ಯಂಟಿಬಾಡಿಯೋ ಅಂತ ಹುಡುಕಬೇಕು. ಅದು 273 ಕಿಲೋಡಾಲ್ಟನ್ ಪುಟ್ಟಾ, ಕಡಿಮೆ ಶೇಕಡಾ ಜೆಲ್ ಹಾಕು, ಟ್ರಾನ್ಸ್‌ಫರ್‌ಗೆ ತಾಳ್ಮೆ ಇರಲಿ, ಅರ್ಧ ಗಂಟೆಯ ಸೆಮಿ-ಡ್ರೈ ನಂಬಬೇಡ. ಜೊತೆಗೆ ಅದೇ ಲಿವರಿಂದ ಆರ್‌ಎನ್‌ಎ ತೆಗೆದು, ಎಂಆರ್‌ಎನ್‌ಎ ಎಷ್ಟಿದೆ ಅಂತ ಅಳೆಯೋ ಕ್ಯೂಪಿಸಿಆರ್‌ ಮಾಡು. ಉಪವಾಸದಲ್ಲಿ ಏರೋ ಪಿಡಿಕೆ4 ಕೂಡ ಅದರಲ್ಲೇ ನೋಡಿಬಿಡು.

ನಮ್ಮಲ್ಲಿ ಉಪವಾಸ ಇಟ್ಟು ಮತ್ತೆ ಉಣ್ಣಿಸಿದ ಇಲಿಗಳ ಲಿವರ್ ಪುಡಿ ಮೈನಸ್ 80ರಲ್ಲಿದೆ. ನಿಮ್ಮ ಗೈಡ್ ಕೈಲಿ ನಮ್ಮ ಲ್ಯಾಬ್ ಹೆಡ್ ಪಿಐಗೆ ಒಂದು ಮೇಲ್ ಹಾಕ್ಸು, ಡ್ರೈ ಐಸ್ ನೀನೇ ತಾ. ಬಾಣೇರ್ ರಸ್ತೆ ಟ್ರಾಫಿಕಲ್ಲಿ ಸಿಕ್ಕಿಹಾಕ್ಕೊಂಡ್ರೆ ಐಸ್ ಹಾರಿಹೋಗತ್ತೆ, ಜಾಸ್ತಿನೇ ತಾ.

ಹಡಪ್ಸರ್_ಕ್ಯೂಸಿ

ಇದು ಕೇಳೋ ಹಾಗಿದೆ. ಪಾಷಾಣದವರೇ, ಇಲ್ಲದ ಲೇನ್ ಬಗ್ಗೆ ಕೇಳಿದ್ರಿ. ನಾಕೌಟ್ ಇಲಿ ಇಲ್ದಿದ್ರೆ ಹೆಪ್‌ಜಿ2ರಲ್ಲಿ ಎಸ್‌ಸಿಡಿ ಜೀನಿಗೆ ಸಿಆರ್‌ಎನ್‌ಎ (siRNA, ಜೀನನ್ನ ತಗ್ಗಿಸೋ ಪುಟ್ಟ ಆರ್‌ಎನ್‌ಎ ತುಂಡು) ಹಾಕಿ. ಈ ಪ್ರೋಟೀನ್ ಬೇಗ ಸಾಯೋದ್ರಿಂದ 48 ಗಂಟೆಯಲ್ಲಿ ಸಾಕಷ್ಟು ಇಳಿದಿರತ್ತೆ. 2016ರಲ್ಲಿ ಅಂತಾರಾಷ್ಟ್ರೀಯ ತಂಡವೊಂದು ಆ್ಯಂಟಿಬಾಡಿ ಪರಿಶೀಲನೆಗೆ ಐದು ದಾರಿ ಹೇಳಿತ್ತು. ಜೀನ್ ತಗ್ಗಿಸಿ ನೋಡೋದು ಅದರಲ್ಲಿ ಮೊದಲನೇದು, ನಿಮ್ಮ ಕ್ಯೂಪಿಸಿಆರ್ ಬೇರೆ ವಿಧಾನದಿಂದ ತಾಳೆ ನೋಡೋ ದಾರಿಗೆ ಹತ್ತಿರದ್ದು.

ಡೇಟಾಶೀಟಲ್ಲಿ ಇನ್ನೊಂದು ನೋಡಿ: ಮೊಲಕ್ಕೆ ಚುಚ್ಚಿದ ತುಂಡು ಯಾವ ಪ್ರಾಣಿಯ ಎಸ್‌ಸಿಡಿ1ದು, ಯಾವ ಭಾಗದ್ದು. ಮನುಷ್ಯನಲ್ಲಿ ಎಸ್‌ಸಿಡಿ1 ಮತ್ತು ಎಸ್‌ಸಿಡಿ5 ಎರಡೇ. ಇಲಿಯಲ್ಲಿ ಒಂದರಿಂದ ನಾಲ್ಕರವರೆಗೆ ನಾಲ್ಕು ಅಣ್ಣತಮ್ಮಂದಿರು, ಮುಖ ಬಹುತೇಕ ಒಂದೇ. ಲಿವರಲ್ಲಿ ಎಸ್‌ಸಿಡಿ1ದೇ ಕಾರುಬಾರು, ಹಾಗಾಗಿ ಅಲ್ಲಿ ತೊಂದರೆ ಕಡಿಮೆ. ಇದೇ ಆ್ಯಂಟಿಬಾಡಿ ಹಿಡಿದು ಮಿದುಳಿಗೆ ಹೋದ್ರೆ ಕಾಣೋದು ಎಸ್‌ಸಿಡಿ2 ಇರಬಹುದು.

ಜೆಲ್_ರಾಜ

ಮತ್ತೆ ಮೌಸ್ ಮಾನೋಕ್ಲೋನಲ್ ಮಾತ್ರ ತಗೋಬೇಡಿ ಇಲಿ ಲಿವರಿಗೆ. ಸೆಕೆಂಡರಿ (ಪ್ರೈಮರಿಯನ್ನ ಹಿಡಿದು ಸಿಗ್ನಲ್ ಕೊಡೋ ಆ್ಯಂಟಿಬಾಡಿ) ಹೋಗಿ ಲಿವರಲ್ಲಿರೋ ಇಲಿಯದ್ದೇ ಆ್ಯಂಟಿಬಾಡಿ ಐಜಿಜಿಯನ್ನ ಹಿಡಿದು 50ರಲ್ಲಿ, 25ರಲ್ಲಿ ದಪ್ಪ ಬ್ಯಾಂಡ್ ಕೊಡತ್ತೆ. ನಮ್ಮ ಪಕ್ಕದ ಬೆಂಚಿನವನು 50ರದ್ದನ್ನ "ಮಾಡಿಫೈಡ್ ಫಾರ್ಮ್" ಅಂತ ಲ್ಯಾಬ್ ಮೀಟಿಂಗಲ್ಲಿ ತೋರಿಸಿದ್ದ. ಮೀಟಿಂಗ್ ಅಲ್ಲಿಗೇ ಮುಗೀತು.

ನಿರ್ವಾಹಕ

ಮಾರಾಟಗಾರರ ಹೆಸರು ಹಾಕಿದ್ದ ಒಂದು ಪ್ರತಿಕ್ರಿಯೆ ತೆಗೆದಿದ್ದೇವೆ. ಲಾಟ್ ಬಗ್ಗೆ ದೂರಿದ್ದರೆ ಅವರಿಗೇ ನೇರ ಬರೆಯಿರಿ.

ಪಾಷಾಣ_ಪಿಪೆಟ್ (ಮುಂದಿನ ಸೋಮವಾರ)

ಬ್ಲಾಟ್ ಬಂತು! ಹೆಪ್‌ಜಿ2: 95 ಡಿಗ್ರಿಯಲ್ಲಿ ಮಸುಕು ಮತ್ತು ತುದಿಯಲ್ಲಿ ಗೀಚು, 70 ಡಿಗ್ರಿಯಲ್ಲಿ 37ರ ಹತ್ತಿರ ಗಟ್ಟಿ ಬ್ಯಾಂಡ್. ಅಕ್ಕ ಕೊಟ್ಟ ಮತ್ತೆ ಉಣ್ಣಿಸಿದ ಲಿವರ್: ಕೆಲವೇ ಸೆಕೆಂಡ್ ಎಕ್ಸ್‌ಪೋಷರಿಗೆ ಕಪ್ಪಗೆ. ನನ್ನ ಲಿವರ್‌ಗಳು: 70 ಡಿಗ್ರಿಯಲ್ಲಿ ತುದಿಯ ಗೀಚು ಹೋಯ್ತು, 37ರಲ್ಲಿ ಉದ್ದ ಎಕ್ಸ್‌ಪೋಷರ್ ಕೊಟ್ರೆ ಕೂದಲೆಳೆಯಷ್ಟು, ಎರಡೂ ಗುಂಪಲ್ಲಿ. ಫ್ಯಾಟಿ ಆ್ಯಸಿಡ್ ಸಿಂಥೇಸ್ ಕೂಡ ಹಾಗೇ ಬಡವಾಗಿದೆ. ಕ್ಯೂಪಿಸಿಆರಲ್ಲಿ ಎಸ್‌ಸಿಡಿ1 ತಳಕ್ಕೆ, ಪಿಡಿಕೆ4 ಮೇಲಕ್ಕೆ. ಪಾನ್ಸೋ ಎಲ್ಲ ಲೇನಲ್ಲೂ ಸಮ.

ಆ್ಯಂಟಿಬಾಡಿ ಬದುಕಿದೆ. ಗೈಡ್ ಎರಡು ನಿಮಿಷ ಸುಮ್ಮನಿದ್ದು "ಹಾಗಾದ್ರೆ ಈ ಬ್ಯಾಚ್ ಲಿವರ್‌ಗಳಿಂದ ಏನು ಹೇಳಬಹುದು?" ಅಂತ ಕೇಳಿದ್ರು.

ಔಂಧ್_ಅಕ್ಕ

ಅದೇ ಸರಿಯಾದ ಪ್ರಶ್ನೆ. ಉಪವಾಸದ ಸ್ಥಿತಿಯ ಬಗ್ಗೆ ಹೇಳಬಹುದು: ಗ್ಲೂಕೋಸ್ ತಯಾರಿಸೋ ಪಿಇಪಿಸಿಕೆ, ಕೊಬ್ಬು ಸುಡೋ ಕಿಣ್ವಗಳು, ಅವಕ್ಕೆ ಈ ಲಿವರ್ ಬಂಗಾರ. ಎಸ್‌ಸಿಡಿ1 ವಿಷಯದಲ್ಲಿ ಏನೂ ಹೇಳೋ ಹಾಗಿಲ್ಲ. ಎರಡು ಸೊನ್ನೆ ಪಕ್ಕಪಕ್ಕ ಇಟ್ಟು "ವ್ಯತ್ಯಾಸ ಇಲ್ಲ" ಅಂತ ಬರೆದ್ರೆ ಅದು ಸುಳ್ಳು.

ನೀನು ಹುಡುಕ್ತಿರೋ ವ್ಯತ್ಯಾಸ ಕಾಣೋದು ಉಂಡ ಹೊತ್ತಲ್ಲಿ. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ 2008ರಲ್ಲಿ ಇದನ್ನ ಬಿಡಿಸಿ ಬರೆದಿದ್ರು. ಇನ್ಸುಲಿನ್ ರೆಸಿಸ್ಟೆನ್ಸ್ ಇರೋ ಲಿವರ್ ಇನ್ಸುಲಿನ್ನಿನ ಒಂದು ಮಾತು ಕೇಳಲ್ಲ, ಗ್ಲೂಕೋಸ್ ತಯಾರಿ ನಿಲ್ಲಿಸು ಅಂದ್ರೆ ನಿಲ್ಲಿಸಲ್ಲ. ಇನ್ನೊಂದು ಮಾತು, ಕೊಬ್ಬು ಮಾಡು ಅನ್ನೋದು, ಚೆನ್ನಾಗೇ ಕೇಳತ್ತೆ. ರಕ್ತದಲ್ಲಿ ಇನ್ಸುಲಿನ್ ಏರಿದಷ್ಟೂ ಎಸ್‌ಆರ್‌ಇಬಿಪಿ-1ಸಿ ಓಡ್ತಾನೇ ಇರತ್ತೆ, ಹಿಂದೆ ಎಸ್‌ಸಿಡಿ1. ಸಕ್ಕರೆಯೂ ಜಾಸ್ತಿ, ಟ್ರೈಗ್ಲಿಸರೈಡೂ ಜಾಸ್ತಿ ಅಂತ ಕಾಕಾನಂಥವರ ರಿಪೋರ್ಟಲ್ಲಿ ಬರೋದು ಹೀಗೆ. ಉಪವಾಸ ಕೆಡವಿದ್ರೆ ಇನ್ಸುಲಿನ್ನೇ ಇಳಿಯತ್ತೆ, ನಾಟಕ ನೋಡೋಕೆ ಹೋಗಿ ದೀಪ ಆರಿಸಿದಂಗಾಯ್ತು.

ಮುಂದಿನ ಬ್ಯಾಚಿಗೆ ಬೇರೆ ಗುಂಪು ಇಡು. ಬೆಳಿಗ್ಗೆ ಆಹಾರ ತೆಗೆದು ನಾಲ್ಕೈದು ಗಂಟೆ ಬಿಟ್ಟು ತೆಗೆಯೋದು ಒಂದು, ರಾತ್ರಿ ಉಪವಾಸ ಇಟ್ಟು ಲೆಕ್ಕ ಹಿಡಿದು ಉಣ್ಣಿಸಿ ತೆಗೆಯೋದು ಇನ್ನೊಂದು. ಎಲ್ಲ ಇಲಿಗೂ ಒಂದೇ ಗಡಿಯಾರ. ಇಲಿ ಸಂಖ್ಯೆ ಏರೋದ್ರಿಂದ ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಹಾಕ್ಬೇಕು, ಅದನ್ನ ಈ ವಾರವೇ ಹಾಕು, ಮೀಟಿಂಗ್ ತಪ್ಪಿದ್ರೆ ಮಳೆಗಾಲ ಪೂರ್ತಿ ಕಾಯ್ತೀಯ.

ಕೋಥ್ರೂಡ್_ಕಾಕಾ

ನನ್ನ ರಿಪೋರ್ಟ್ ನೋಡಿದೆ ತಂಗಿ. ಟ್ರೈಗ್ಲಿಸರೈಡ್ ಮುಂದ ಕೆಂಪು ಗುರುತು ಐತಿ. ಡಾಕ್ಟರ್‌ಗೆ ತೋರಿಸಿದಾಗ ಏನ ಕೇಳಬೇಕು ಅಂತ ಈಗ ಗೊತ್ತಾತು.

ಹಡಪ್ಸರ್_ಕ್ಯೂಸಿ

ಸಿಆರ್‌ಎನ್‌ಎ ಬ್ಲಾಟ್ ಬಾಕಿ ಇದೆ, ಮರೀಬೇಡಿ. ಮತ್ತೆ ಉಣ್ಣಿಸಿದ ಲಿವರಲ್ಲಿ ಏರೋ ಬೇರೆ ಪ್ರೋಟೀನ್‌ಗಳೂ ಬೇಕಾದಷ್ಟಿವೆ. 37ರಲ್ಲಿ ಬಂದಿದ್ದು ಎಸ್‌ಸಿಡಿ1ದೇ ಅಂತ ಅದೊಂದು ಲೇನ್ ಹೇಳಿದ್ರೆ ನಾನು ಒಪ್ತೀನಿ. ಲಾಟ್ ನಂಬರ್ ನೋಟ್‌ಬುಕ್ಕಲ್ಲಿ ಬರೆದಿದ್ದೀರಿ ತಾನೆ?

ಪಾಷಾಣ_ಪಿಪೆಟ್

ಬರೆದಿದ್ದೀನಿ ಸರ್, ಡೇಟಾಶೀಟ್ ಕೂಡ ಅಂಟಿಸಿದ್ದೀನಿ. ಎಥಿಕ್ಸ್ ಅರ್ಜಿ ಗೈಡ್ ಮೇಜಿನ ಮೇಲಿದೆ. ಸಿಆರ್‌ಎನ್‌ಎ ಆರ್ಡರ್ ಮಾಡಿದ್ರೆ ಮತ್ತೆ ಕಾಯ್ಬೇಕು. ಯಾರ ಹತ್ರ ಆದ್ರೂ ಮನುಷ್ಯನ ಎಸ್‌ಸಿಡಿದು ಉಳಿದಿದ್ಯಾ, ಯಾವ ಜೀನನ್ನೂ ಮುಟ್ಟದ ಸ್ಕ್ರ್ಯಾಂಬಲ್ಡ್ ಕಂಟ್ರೋಲ್ ಸಮೇತ?

ಜೆಲ್_ರಾಜ

ನಮ್ಮಲ್ಲಿದೆ, ಸ್ವಲ್ಪ. ಗುರುವಾರ ಮಧ್ಯಾಹ್ನದ ಮೇಲೆ ಬಾ, ಐಸ್ ಡಬ್ಬಿ ತಗೊಂಡು. ರಿಕಾಂಬಿನೆಂಟ್ ವಿಷಯ ನಾನು ಇನ್ನೂ ಬಿಟ್ಟಿಲ್ಲ, ನೆನಪಿರಲಿ.